ಎರಡು ಕಡತಗಳ ನಡುವಿನ ಮೌನ

ದಾವಣಗೆರೆಯ ಬಸ್ ನಿಲ್ದಾಣದಲ್ಲಾಗಲಿ ಹರಿಹರದ ರೈಲು ನಿಲ್ದಾಣದಲ್ಲಾಗಲಿ ಕಾಯುವಾಗ, ಗೋಡೆಯ ಮೇಲಿನ 'ಕಾಣೆಯಾಗಿದ್ದಾರೆ' ಪ್ರಕಟಣೆಗಳನ್ನು ಓದುವುದು ನನ್ನ ಹಳೆಯ ಅಭ್ಯಾಸ. ಎತ್ತರ, ಮೈಬಣ್ಣ, ಉಟ್ಟ ಸೀರೆ. ಪತ್ರಿಕೆಯ ಒಳಪುಟದ 'ಅಪರಿಚಿತ ಶವ ಪತ್ತೆ' ಎಂಬ ಸುದ್ದಿಯಲ್ಲಿಯೂ ಇರುವುದು ಇವೇ ವಿವರಗಳು. ಎರಡನ್ನೂ ಜೊತೆಗಿಟ್ಟು ಓದುವವರು ಯಾರು? ಈ ಪ್ರಶ್ನೆ ಎದ್ದಾಗಲೆಲ್ಲ ದಕ್ಷಿಣ ಕನ್ನಡದ 'ಸೈನೈಡ್' ಮೋಹನನ ಪ್ರಕರಣ ನೆನಪಾಗುತ್ತದೆ.

ಪ್ರಾಥಮಿಕ ಶಾಲೆಯ ಶಿಕ್ಷಕನಾಗಿದ್ದ ಮೋಹನ್ ಕುಮಾರ್ 2003ರಿಂದ 2009ರ ನಡುವೆ 20 ಮಹಿಳೆಯರನ್ನು ಕೊಂದ. ವರದಕ್ಷಿಣೆಯಿಲ್ಲದೆ ಮದುವೆಯಾಗುವೆನೆಂದು ನಂಬಿಸಿ ದೂರದ ಊರಿಗೆ ಕರೆದೊಯ್ದು, ಗರ್ಭನಿರೋಧಕ ಮಾತ್ರೆಯೆಂದು ಸೈನೈಡ್ ಕೊಟ್ಟು, ಒಡವೆಗಳೊಂದಿಗೆ ಮರೆಯಾಗುತ್ತಿದ್ದ. ಶವಗಳು ಸಿಕ್ಕಿದ್ದು ಮೈಸೂರು, ಮಡಿಕೇರಿ, ಹಾಸನದಂತಹ ಊರುಗಳ ಬಸ್ ನಿಲ್ದಾಣದ ಶೌಚಾಲಯಗಳಲ್ಲಿ. ಒಳಗಿನಿಂದ ಅಗುಳಿ ಹಾಕಿದ್ದರೆ ಆತ್ಮಹತ್ಯೆಯೆಂದು ಭಾವಿಸುವುದು ಸುಲಭ. ಅಲ್ಲಿನ ಠಾಣೆಗೆ ಅದೊಂದು ಅಸಹಜ ಸಾವು. ಹುಟ್ಟೂರಿನ ಬಾಯಿಗೆ 'ಓಡಿಹೋದವಳು'. ಮಾನಕ್ಕೆ ಅಂಜಿದ ಹೆತ್ತವರು ಠಾಣೆಯ ಮೆಟ್ಟಿಲು ಹತ್ತಲು ಹಿಂಜರಿದರು. ಕೊಲೆಗಾರನಿಗೆ ಇದಕ್ಕಿಂತ ದೊಡ್ಡ ರಕ್ಷಣೆ ಬೇಕಿರಲಿಲ್ಲ.

2009ರಲ್ಲಿ ಬಂಟ್ವಾಳದ ಯುವತಿಯೊಬ್ಬಳು ಕಾಣೆಯಾದಾಗ ಆಕೆಯ ಸಮುದಾಯದವರು ಸುಮ್ಮನಿರಲಿಲ್ಲ. ಪೊಲೀಸರು ಆಕೆಯ ದೂರವಾಣಿ ಕರೆಗಳ ಜಾಡು ಹಿಡಿದರು. ಅದು ಕಾಣೆಯಾಗಿದ್ದ ಇನ್ನೊಬ್ಬಳತ್ತ ಕೈಮಾಡಿತು, ಕೊನೆಗೆ ಮೋಹನನತ್ತ. 2013ರಲ್ಲಿ ಮಂಗಳೂರಿನ ನ್ಯಾಯಾಲಯ ಆತನಿಗೆ ಮರಣದಂಡನೆ ವಿಧಿಸಿತು. ಇಪ್ಪತ್ತನೆಯ ಪ್ರಕರಣದ ತೀರ್ಪು ಬಂದದ್ದು 2020ರಲ್ಲಿ. ಪತ್ತೇದಾರಿಕೆಯೆಂದರೆ ಚಮತ್ಕಾರವಲ್ಲ, ಬೇರೆ ಬೇರೆ ಕಪಾಟುಗಳಲ್ಲಿದ್ದ ಕಾಗದಗಳನ್ನು ಒಂದೇ ಮೇಜಿನ ಮೇಲೆ ಹರಡುವ ತಾಳ್ಮೆ.

ಹರಿಹರದಲ್ಲಿ ತುಂಗಭದ್ರೆಯ ಈ ದಡ ದಾವಣಗೆರೆ ಜಿಲ್ಲೆ, ಆ ದಡ ಹಾವೇರಿ. ಹೊಳೆಯಲ್ಲಿ ತೇಲುವ ಶವಕ್ಕೆ ಸರಹದ್ದಿನ ಅರಿವಿಲ್ಲ. ಕಡತಕ್ಕೆ ಮಾತ್ರ ಇದೆ. ಠಾಣೆಗಳನ್ನು ಗಣಕಜಾಲದಿಂದ ಬೆಸೆಯುವ ಯೋಜನೆಗೆ ಕೇಂದ್ರ ಸರ್ಕಾರ ಒಪ್ಪಿಗೆಯಿತ್ತದ್ದೂ 2009ರಲ್ಲಿಯೇ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಅಪರಾಧ ಎಲ್ಲಿಯೇ ನಡೆದಿರಲಿ, ಮಾಹಿತಿಯನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ಸಾಧನವಿದೆ, ಕಾನೂನೂ ಇದೆ. ಆದರೆ ಅಪರಿಚಿತ ಶವದ ಪ್ರತಿಯೊಂದು ವಿವರವನ್ನೂ ಕಾಣೆಯಾದವರ ಪಟ್ಟಿಯೊಡನೆ ತಾಳೆ ನೋಡುವುದು ಠಾಣಾಧಿಕಾರಿಯ ನಿತ್ಯದ ಹೊಣೆಯಾಗಬೇಕು. ನಮ್ಮ ಹೊಣೆಯೂ ಉಂಟು: ನೆರೆಮನೆಯ ಹುಡುಗಿ ಮರಳದಿದ್ದಾಗ 'ಓಡಿಹೋದಳು' ಎನ್ನುವ ಮೊದಲು, ಆಕೆಯ ತಂದೆಯ ಜೊತೆ ಠಾಣೆಯವರೆಗೆ ನಡೆದುಹೋಗುವುದು.