ಸೋಂಕಿನ ದಾರಿ, ಜಿಲ್ಲೆಯ ಗಡಿ

2020ರ ಮಾರ್ಚ್ ತಿಂಗಳಿನಿಂದ ಮೊದಲ್ಗೊಂಡು ರಾಜ್ಯದ ಆರೋಗ್ಯ ಇಲಾಖೆಯು ದಿನವೂ ಹೊರಡಿಸುತ್ತಿದ್ದ ಪ್ರಕಟಣೆಗಳನ್ನು ಇಂದು ಮತ್ತೆ ತೆರೆದು ನೋಡಿದರೆ ಸಾಹಿತ್ಯದ ವಿದ್ಯಾರ್ಥಿಗೆ ಅವು ಬರಿಯ ಅಂಕಿ-ಅಂಶಗಳಾಗಿ ಕಾಣುವುದಿಲ್ಲ. ಆರಂಭದ ತಿಂಗಳುಗಳಲ್ಲಿ ಪ್ರತಿಯೊಬ್ಬ ಸೋಂಕಿತನಿಗೂ ಒಂದು ಕ್ರಮಸಂಖ್ಯೆ ಇತ್ತು. ಅದರ ಮುಂದೆ ವಯಸ್ಸು, ಲಿಂಗ, ಜಿಲ್ಲೆ. ಕೊನೆಯ ಅಂಕಣದಲ್ಲಿ ಆ ವ್ಯಕ್ತಿಗೆ ಸೋಂಕು ಎಲ್ಲಿಂದ ಬಂದಿತು ಎಂಬ ವಿವರ. ಇಂಥ ಸಂಖ್ಯೆಯ ಸೋಂಕಿತನ ಸಂಪರ್ಕ, ಇಂಥ ಊರಿಗೆ ಪ್ರಯಾಣ ಮಾಡಿದ ಹಿನ್ನೆಲೆ ಎಂದು ಎರಡು ಮೂರು ಪದಗಳಲ್ಲಿ ಅದು ಮುಗಿಯುತ್ತಿತ್ತು. ಸಂಖ್ಯೆಯಿಂದ ಸಂಖ್ಯೆಗೆ ಗೆರೆ ಎಳೆಯುತ್ತ ಹೋದರೆ ಅದೊಂದು ವಂಶಾವಳಿಯಂತೆ ಕವಲೊಡೆಯುತ್ತದೆ. ಸೋಂಕು ಏರಿದಂತೆ ಆ ಕೊನೆಯ ಅಂಕಣಕ್ಕೆ ಬಿಡುವಿಲ್ಲದಾಯಿತು. ಜಿಲ್ಲಾವಾರು ಮೊತ್ತವಷ್ಟೇ ಉಳಿಯಿತು. ಕನ್ನಡ ಅಧ್ಯಯನದ ದೃಷ್ಟಿಯಿಂದ ನಮಗೆ ಮುಖ್ಯವಾಗಬೇಕಾದುದು ಬಿಟ್ಟುಹೋದ ಆ ಅಂಕಣವೇ ಎಂಬುದು ನನ್ನ ಅಭಿಪ್ರಾಯ.

ಘಟನಾವಳಿಯನ್ನು ಸಂಕ್ಷೇಪವಾಗಿ ನೆನೆಯಬಹುದು. ರಾಜ್ಯದ ಮೊದಲ ಪ್ರಕರಣ ಬೆಂಗಳೂರಿನಲ್ಲಿ 2020ರ ಮಾರ್ಚ್ 9ರಂದು ಪ್ರಕಟವಾಯಿತು. ಮಾರ್ಚ್ 10ರಂದು ತೀರಿಕೊಂಡ ಕಲಬುರಗಿಯ ವೃದ್ಧರೊಬ್ಬರದು ಭಾರತದಲ್ಲಿಯೇ ಈ ರೋಗದ ಮೊದಲ ಸಾವು ಎಂಬುದು ಎರಡು ದಿನಗಳ ಬಳಿಕ ದೃಢಪಟ್ಟಿತು. ಮಾರ್ಚ್ 14ರಿಂದ ಚಿತ್ರಮಂದಿರ, ಮಾಲ್‌ಗಳು ಮುಚ್ಚಿದವು. 22ರಂದು ಜನತಾ ಕರ್ಫ್ಯೂ. 25ರಿಂದ ದೇಶವ್ಯಾಪಿ ಲಾಕ್‌ಡೌನ್. ಏಪ್ರಿಲ್ 30ರಂದು ಕೇಂದ್ರ ಆರೋಗ್ಯ ಸಚಿವಾಲಯವು ದೇಶದ ಜಿಲ್ಲೆಗಳನ್ನು ಕೆಂಪು, ಕಿತ್ತಳೆ, ಹಸಿರು ಎಂದು ವಿಂಗಡಿಸಿತು. ಕರ್ನಾಟಕದ ಮೂವತ್ತು ಜಿಲ್ಲೆಗಳಲ್ಲಿ 3 ಕೆಂಪು, 13 ಕಿತ್ತಳೆ, 14 ಹಸಿರು. ಅಂಗಡಿ ತೆರೆಯುವುದು, ಬಸ್ಸು ಓಡಿಸುವುದು, ಕೂಲಿಗೆ ಹೋಗುವುದು ಎಲ್ಲವೂ ಈ ಬಣ್ಣವನ್ನು ಅವಲಂಬಿಸಿದವು.

ಹಸಿರು ಪಟ್ಟಿಯಲ್ಲಿದ್ದ ಎರಡು ಜಿಲ್ಲೆಗಳನ್ನು ಇಲ್ಲಿ ಪರಿಶೀಲಿಸಬೇಕು: ಯಾದಗಿರಿ ಮತ್ತು ಉಡುಪಿ. ಭೂಗೋಳದ ಪ್ರಕಾರ ಇವು ರಾಜ್ಯದ ಎರಡು ತುದಿಗಳು. ಒಂದು ಭೀಮಾ-ಕೃಷ್ಣೆಯರ ಬಿಸಿಲ ಸೀಮೆ, ಮತ್ತೊಂದು ಅರಬ್ಬೀ ಸಮುದ್ರದ ದಂಡೆ. ಭಾಷಾಪ್ರಭೇದ, ಬೆಳೆ, ಆಹಾರ, ಆರಾಧನೆ ಯಾವುದರಲ್ಲಿಯೂ ಸಮಾನತೆಯಿಲ್ಲ. ಆದರೆ ಮೇ ತಿಂಗಳ ನಡುವಿನಿಂದ ಜೂನ್ ಮೊದಲ ವಾರದವರೆಗೆ ಈ ಎರಡೂ ಜಿಲ್ಲೆಗಳಲ್ಲಿ ಸೋಂಕು ಹಠಾತ್ತನೆ ಏರಿತು. ಉಡುಪಿಯಂತೂ ರಾಜ್ಯದ ಪಟ್ಟಿಯ ಮುಂಚೂಣಿಗೆ ಬಂದಿತು. ಇವುಗಳೊಂದಿಗೆ ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳನ್ನೂ ಸೇರಿಸಬೇಕು. ಮೂರನ್ನೂ ಬೆಸೆದ ಊರು ಒಂದೇ, ಅದು ಕರ್ನಾಟಕದ ಹೊರಗಿನ ಮುಂಬಯಿ. ಯಾದಗಿರಿಯವರು ಕಟ್ಟಡದ ಕೂಲಿಗಾಗಿ ಗುಳೆ ಹೋದವರು. ಕರಾವಳಿಯವರು ಕೆಲವು ತಲೆಮಾರುಗಳಿಂದ ಹೋಟೆಲು ಮೊದಲಾದ ಉದ್ಯಮಗಳಲ್ಲಿ ಅಲ್ಲಿ ನೆಲೆಗೊಂಡವರು. ಮಂಡ್ಯದ ಆ ತಾಲ್ಲೂಕುಗಳವರೂ ದುಡಿಮೆಯ ದಾರಿ ಹಿಡಿದು ಅದೇ ನಗರವನ್ನು ಸೇರಿದವರು. ದುಡಿಮೆ ನಿಂತಾಗ, ಬಾಡಿಗೆ ಕಟ್ಟಲಾಗದೆ ಹೋದಾಗ, ಇವರೆಲ್ಲ ಹೊರಟದ್ದು ಹುಟ್ಟಿದೂರಿಗೆ.

ಹಸಿರು ಎಂದು ಬರೆದ ಲೆಕ್ಕದಲ್ಲಿ ತಪ್ಪಿರಲಿಲ್ಲ. ಏಪ್ರಿಲ್ 30ರಂದು ಆ ಜಿಲ್ಲೆಗಳ ಒಳಗೆ ಸೋಂಕಿನ ಪ್ರಕರಣಗಳು ಇರಲಿಲ್ಲ ಅಥವಾ ಉಳಿದಿರಲಿಲ್ಲ. ಆದರೆ ಜಿಲ್ಲೆಯ ಜನರೆಲ್ಲರೂ ಜಿಲ್ಲೆಯ ಒಳಗೇ ಇದ್ದಾರೆ ಎಂಬ ಗ್ರಹಿಕೆಯ ಮೇಲೆ ಆ ನಕ್ಷೆ ನಿಂತಿತ್ತು. ರೋಗ ಸಾಗಿದ್ದು ದುಡಿಮೆಯ ಮತ್ತು ನಂಟಸ್ತಿಕೆಯ ನಕ್ಷೆಯಲ್ಲಿ. ನಿರ್ಬಂಧ ಬಂದದ್ದು ಕಂದಾಯ ಇಲಾಖೆಯ ನಕ್ಷೆಯಲ್ಲಿ. ಇದನ್ನು ಅಧಿಕಾರಿಗಳ ಮೇಲಿನ ಆಕ್ಷೇಪವಾಗಿ ನಾನು ಹೇಳುತ್ತಿಲ್ಲ. ಅವರ ಕೈಯಲ್ಲಿದ್ದ ನಕ್ಷೆ ಅದೊಂದೇ. ಎರಡನೆಯ ನಕ್ಷೆಯ ಪರಿಚಯ ನಮಗಿತ್ತು, ಅಥವಾ ಇರಬೇಕಾಗಿತ್ತು. ಉತ್ತರ ಕನ್ನಡದ ಹನೇಹಳ್ಳಿಯಿಂದ ಮುಂಬಯಿಗೆ ಹೋದ ಯಶವಂತ ಚಿತ್ತಾಲರನ್ನು, ಉಡುಪಿಯಿಂದ ಹೋದ ವ್ಯಾಸರಾಯ ಬಲ್ಲಾಳರನ್ನು ದಶಕಗಳಿಂದ ಪಠ್ಯವಾಗಿ ಬೋಧಿಸುತ್ತ ಬಂದಿರುವ ನಾವು, 'ಮುಂಬಯಿ ಕನ್ನಡ ಸಾಹಿತ್ಯ' ಎಂಬ ಶೀರ್ಷಿಕೆಯಡಿ ಪ್ರಬಂಧಗಳನ್ನು ಬರೆಸಿದ ನಾವು, ಆ ಸಂಬಂಧವನ್ನು ಸಂವೇದನೆಯ ಪ್ರಶ್ನೆಯಾಗಿ ಚರ್ಚಿಸಿದೆವೇ ಹೊರತು ಯಾವ ತಾಲ್ಲೂಕಿನಿಂದ, ಯಾರ ಮೂಲಕ, ಯಾವ ಕೆಲಸಕ್ಕೆ ಜನ ಹೋದರು ಎಂದು ದಾಖಲಿಸುವ ಗೋಜಿಗೆ ಹೋಗಲಿಲ್ಲ.

ಇದೇ ವಿದ್ಯಮಾನ ನೂರಿಪ್ಪತ್ತು ವರ್ಷಗಳ ಹಿಂದೆಯೂ ನಡೆದಿತ್ತು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರಲ್ಲಿ ಹುಬ್ಬಳ್ಳಿಯನ್ನು ಕಂಗೆಡಿಸಿತು. ಆ ವರ್ಷದ ಆಗಸ್ಟ್ ವೇಳೆಗೆ ಬೆಂಗಳೂರನ್ನು ತಲುಪಿತು. ಅದು ಬಂದ ದಾರಿ ಆಗ ಹೊಸದಾಗಿದ್ದ ರೈಲು ಮಾರ್ಗ. ಪುಣೆ, ಬೆಳಗಾವಿ, ಧಾರವಾಡ, ಹುಬ್ಬಳ್ಳಿ, ಹರಿಹರಗಳನ್ನು ಬೆಂಗಳೂರಿಗೆ ಜೋಡಿಸಿದ ಆ ಮಾರ್ಗ ಮುಂಬಯಿ ಪ್ರಾಂತ್ಯದ ಕನ್ನಡ ನಾಡನ್ನೂ ಮೈಸೂರು ಸಂಸ್ಥಾನವನ್ನೂ ಹತ್ತಿರ ತಂದಿತ್ತು. ಏಕೀಕರಣದ ಚರಿತ್ರೆಯಲ್ಲಿ ನಾವು ಪತ್ರಿಕೆಗಳನ್ನೂ ಸಭೆಗಳನ್ನೂ ನೆನೆಯುತ್ತೇವೆ. ಎರಡು ಆಡಳಿತಗಳ ಕನ್ನಡಿಗರನ್ನು ಅದಕ್ಕೂ ಮೊದಲೇ ಒಂದು ಮಾಡಿದ್ದ ಈ ಸೋಂಕಿನ ದಾರಿಯನ್ನು ನೆನೆಯುವುದಿಲ್ಲ. ಪ್ಲೇಗಿಗೆಂದು 1897ರಲ್ಲಿ ಬ್ರಿಟಿಷ್ ಸರ್ಕಾರ ತಂದ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನೇ 2020ರ ಮಾರ್ಚ್‌ನಲ್ಲಿ ಮತ್ತೆ ಕೈಗೆತ್ತಿಕೊಳ್ಳಲಾಯಿತು ಎಂಬುದೂ ಗಮನಾರ್ಹ. ಕಾಯಿದೆಯ ಸ್ಮೃತಿ ನಮ್ಮ ಸ್ಮೃತಿಗಿಂತ ದೀರ್ಘವಾದುದು.

ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ಪ್ಲೇಗಿನ ಕಾಲದ ಹಳೆಯ ಮೈಸೂರಿನ ಆಡುಮಾತಿನಲ್ಲಿ 'ಇಲಿ ಬಿತ್ತು' ಎಂದರೆ 'ಊರು ಬಿಡಬೇಕು' ಎಂದೇ ಅರ್ಥ. ಜನ ಊರಿನಿಂದ ಹೊರಗೆ, ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರು. ರೋಗ ಊರಿನ ಒಳಗಿತ್ತು, ಕ್ಷೇಮ ಹೊರಗಿತ್ತು. 2020ರಲ್ಲಿ ಇದು ತಿರುಗುಮುರುಗಾಯಿತು. ರೋಗ ಹೊರಗಿನಿಂದ ಬರುತ್ತದೆ ಎಂದು ಅನೇಕ ಹಳ್ಳಿಗಳಲ್ಲಿ ಊರ ಬಾಗಿಲಿಗೆ ಜಾಲಿಮುಳ್ಳು ಅಡ್ಡ ಹಾಕಿದರು, ರಸ್ತೆ ಅಗೆದರು, ಹೊರಗಿನವರು ಬರಕೂಡದೆಂದು ಡಂಗುರ ಸಾರಿದರು. 'ಹೊರಗಿನವರು' ಎಂಬ ಆ ಪದದೊಳಗೆ ಊರಿನ ಮಕ್ಕಳೇ ಇದ್ದರು. ನನ್ನ ತರಗತಿಯಲ್ಲಿದ್ದ ವಿದ್ಯಾರ್ಥಿಯೊಬ್ಬ ತನ್ನ ಅಣ್ಣ ಊರಾಚೆಯ ಶಾಲೆಯಲ್ಲಿ ಹದಿನಾಲ್ಕು ದಿನ ಇದ್ದುದನ್ನು ಹೇಳುತ್ತ, 'ಅವ್ವ ಬುತ್ತಿ ತಗೊಂಡು ಹೋಗಿ ಗೇಟಿನ್ಯಾಗ ಇಟ್ಟು ಬರತಿದ್ಲು, ಮಾತಾಡಿಸಿದ್ರ ಮಂದಿ ಬೈತಿದ್ರು ಸರ್' ಎಂದ. ಅವನ ಊರಿನಲ್ಲಿ ಆ ಶಾಲೆಗೆ ಈಗಲೂ 'ಕ್ವಾರಂಟೈನ್ ಸಾಲಿ' ಎಂದೇ ಹೆಸರಂತೆ. ಸ್ಥಳನಾಮ ಅಧ್ಯಯನ ಮಾಡುವವರು ಗಮನಿಸಬೇಕಾದ ಸಂಗತಿಯಿದು. ಬೆಂಗಳೂರಿನಲ್ಲಿ ಪ್ಲೇಗ್ ಮಾರಿಯಮ್ಮನ ಗುಡಿಗಳು ಇಂದಿಗೂ ಇವೆ. ಹೆಸರು ಉಳಿದಿದೆ, ಆ ಗುಡಿಗಳ ಹಿಂದಿನ ಮನೆಮನೆಯ ಕಥನ ಉಳಿದಿಲ್ಲ.

ಗಡಿಯ ಪ್ರಶ್ನೆ ಅತ್ಯಂತ ಕಠೋರವಾಗಿ ಎದುರಾದುದು ತಲಪಾಡಿಯಲ್ಲಿ. 2020ರ ಮಾರ್ಚ್ ಕೊನೆಯಲ್ಲಿ ಕಾಸರಗೋಡು ಜಿಲ್ಲೆಯಲ್ಲಿ ಸೋಂಕು ಹೆಚ್ಚಿದಾಗ ಕರ್ನಾಟಕವು ಕೇರಳಕ್ಕೆ ಹೋಗುವ ರಸ್ತೆಗಳನ್ನು ಮುಚ್ಚಿತು. ಹಲವೆಡೆ ರಸ್ತೆಯ ಮೇಲೆ ಮಣ್ಣು ಸುರಿಯಲಾಯಿತು. ಕಾಸರಗೋಡಿನ ಉತ್ತರ ಭಾಗದ ಜನರಿಗೆ ಆಸ್ಪತ್ರೆ ಎಂದರೆ ಮಂಗಳೂರು. 1956ರವರೆಗೆ ಆ ನೆಲ ದಕ್ಷಿಣ ಕನ್ನಡ ಜಿಲ್ಲೆಯದೇ ಭಾಗವಾಗಿತ್ತು. ಸೋಂಕಿಗೆ ಸಂಬಂಧವಿಲ್ಲದ ಹೃದ್ರೋಗ, ಮೂತ್ರಪಿಂಡದ ತೊಂದರೆಗಳಿಂದ ಬಳಲುತ್ತಿದ್ದ ರೋಗಿಗಳನ್ನು ಹೊತ್ತ ವಾಹನಗಳು ಗಡಿಯಿಂದ ಹಿಂತಿರುಗಿದವು. ಚಿಕಿತ್ಸೆ ಸಿಗದೆ ಸತ್ತವರ ಸುದ್ದಿಗಳು ಬಂದವು. ಕೇರಳ ಉಚ್ಚ ನ್ಯಾಯಾಲಯ ಏಪ್ರಿಲ್ 1ರಂದು ಆದೇಶ ನೀಡಿತು. ವಿಷಯ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ, ತುರ್ತು ರೋಗಿಗಳನ್ನು ಬಿಡುವ ಕ್ರಮಕ್ಕೆ ಎರಡೂ ರಾಜ್ಯಗಳು ಒಪ್ಪಿವೆ ಎಂಬ ಹೇಳಿಕೆಯೊಂದಿಗೆ ಏಪ್ರಿಲ್ 7ರಂದು ಇತ್ಯರ್ಥವಾಯಿತು. ಕಾಸರಗೋಡಿನ ಕನ್ನಡಿಗರ ಪರವಾಗಿ ನಾವು ಎಷ್ಟು ಸಮ್ಮೇಳನಗಳಲ್ಲಿ ನಿರ್ಣಯ ಅಂಗೀಕರಿಸಿಲ್ಲ! ಆ ಎರಡು ವಾರ, ಅವರು ನಮ್ಮವರು ಎಂದು ಹೇಳುತ್ತ ಬಂದ ನಾಡೇ ಅವರ ದಾರಿಗೆ ಮಣ್ಣು ಸುರಿಯಿತು. ಈ ಸಂಗತಿಯನ್ನು ಕುರಿತು ಕನ್ನಡ ವಿಭಾಗಗಳ ಕಡೆಯಿಂದ ಗಂಭೀರವಾದ ಒಂದು ಬರಹವನ್ನೂ ನಾನು ಓದಿಲ್ಲ. ಗಡಿನಾಡು ಎಂಬುದು ನಮಗೆ ಭಾಷೆಯ ಪ್ರಶ್ನೆಯಾಗಿದೆ; ಅಲ್ಲಿಯವರಿಗೆ ಅದು ಆಸ್ಪತ್ರೆಯ ಪ್ರಶ್ನೆಯೂ ಹೌದು.

ಇದು ಸಮಾಜಶಾಸ್ತ್ರಜ್ಞರ, ವೈದ್ಯರ ಕೆಲಸ, ಸಾಹಿತ್ಯದವರಿಗೇಕೆ ಎಂದು ಕೆಲವು ಸಹೋದ್ಯೋಗಿಗಳು ಕೇಳಬಹುದು. ಅವರು 'ಸಂಸ್ಕಾರ'ವನ್ನು ಮತ್ತೊಮ್ಮೆ ತೆರೆಯಬೇಕೆಂದು ಕೋರುತ್ತೇನೆ. ಆ ಕಾದಂಬರಿಯ ಪ್ಲೇಗನ್ನು ಅವನತಿಯ ಸಂಕೇತವೆಂದು ಅರ್ಧ ಶತಮಾನದಿಂದ ವಿಮರ್ಶಿಸಿದ್ದೇವೆ. ಅದನ್ನು ಕೇವಲ ಒಂದು ರೋಗ ಹರಡಿದ ಕ್ರಮವಾಗಿ ಓದಿದರೆ ಬೇರೊಂದು ಸತ್ಯ ಕಾಣುತ್ತದೆ. ಶಿವಮೊಗ್ಗೆಗೆ ಹೋಗಿ ಬಂದ ನಾರಣಪ್ಪ ಜ್ವರ ಬಂದು, ಗೆಡ್ಡೆಯೆದ್ದು ಸಾಯುತ್ತಾನೆ. ಇಲಿಗಳು ಸಾಯುತ್ತವೆ, ಹದ್ದುಗಳು ಮಾಡಿನ ಮೇಲೆ ಬಂದು ಕೂರುತ್ತವೆ. ಅಸ್ಪೃಶ್ಯರ ಕೇರಿಯಲ್ಲಿ ಸಾವುಗಳಾಗುತ್ತವೆ, ಗುಡಿಸಲುಗಳು ಶವದೊಂದಿಗೆ ಉರಿಯುತ್ತವೆ. ಕೇರಿಯ ಸಾವನ್ನೂ ಅಗ್ರಹಾರದ ಸಾವನ್ನೂ ಒಟ್ಟಿಗಿಟ್ಟು ನೋಡಬಲ್ಲ ಒಂದು ಕಣ್ಣು ಆ ಊರಿನಲ್ಲಿಲ್ಲ. ಅಗ್ರಹಾರಕ್ಕೆ ಕಾಣುವುದು ಸಂಸ್ಕಾರವಾಗದ ಹೆಣದ ದೋಷ ಮಾತ್ರ. ರೋಗದ ಜಾಡು ತಪ್ಪುವುದು ಅಜ್ಞಾನದಿಂದಷ್ಟೇ ಅಲ್ಲ. ಒಂದು ಗಡಿಯ ಆಚೆಗಿನ ಸಾವು ಲೆಕ್ಕಕ್ಕೆ ಬಾರದಿರುವುದರಿಂದ. 2020ರಲ್ಲಿ ನಾವು 'ಸಾಮಾಜಿಕ ಅಂತರ' ಎಂಬ ಅನುವಾದವನ್ನು ಸಲೀಸಾಗಿ ಬಳಸಿದೆವಲ್ಲ, ಆ ಎರಡು ಪದಗಳು ಇಂಥ ನಾಡಿನಲ್ಲಿ ಏನನ್ನು ಧ್ವನಿಸುತ್ತವೆ ಎಂಬುದನ್ನು ಕೆಲವರು ಎತ್ತಿ ತೋರಿಸಿದ ಮೇಲೆಯೇ 'ದೈಹಿಕ ಅಂತರ' ಎಂಬುದು ಬಂದದ್ದು. ಇನ್ನು ಎಸ್.ಎಲ್. ಭೈರಪ್ಪನವರ 'ಗೃಹಭಂಗ' ತಿಪಟೂರು-ಚನ್ನರಾಯಪಟ್ಟಣ ಸೀಮೆಯ ಪ್ಲೇಗನ್ನು ಮನೆಯ ಒಳಗಿನಿಂದ ಕಾಣಿಸುತ್ತದೆ. ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿನಲ್ಲಿ ಕಳೆದುಕೊಂಡ ಲೇಖಕರು ಬರೆದ ಕೃತಿಯದು. ಊರು ಬಿಡುವ ಕ್ರಮ, ಹೊಲದ ಗುಡಿಸಲಿನ ಸಂಸಾರ ಇವುಗಳ ಬಗ್ಗೆ ಯಾವ ವರದಿಯೂ ಹೇಳದಷ್ಟನ್ನು ಅದು ಹೇಳುತ್ತದೆ.

ಇದಕ್ಕೆ ಹೋಲಿಸಿದರೆ 2020-21ರಲ್ಲಿ ಬಂದ ನಮ್ಮ 'ಕೊರೊನಾ ಸಾಹಿತ್ಯ' ನಿರಾಶೆಯನ್ನುಂಟುಮಾಡುತ್ತದೆ. ಕವನ ಸಂಕಲನಗಳು ಬಂದವು. ವೆಬಿನಾರ್‌ಗಳಿಗಂತೂ ಮಿತಿಯಿರಲಿಲ್ಲ, ಪ್ರಮಾಣಪತ್ರಗಳಿಗೆ ಅದಕ್ಕಿಂತಲೂ. (ಅವುಗಳಲ್ಲಿ ಎರಡನ್ನು ನಾನೂ ನಡೆಸಿದ್ದೇನೆ.) ಅವುಗಳಲ್ಲಿ ಮನುಕುಲವಿದೆ, ಪ್ರಕೃತಿಯ ಮುನಿಸಿದೆ, ಮುಖಗವಸಿದೆ, ಊರಿನ ಹೆಸರಿಲ್ಲ. ಚಾಮರಾಜನಗರ ಜಿಲ್ಲೆಯನ್ನೇ ತೆಗೆದುಕೊಳ್ಳೋಣ. ಮೊದಲ ಅಲೆಯಲ್ಲಿ ಜೂನ್‌ವರೆಗೂ ಸೋಂಕಿಲ್ಲದೆ ಉಳಿದ ಜಿಲ್ಲೆಯೆಂದು ಅದು ಹೆಸರಾಯಿತು. ಅದೇ ಜಿಲ್ಲೆಯ ಆಸ್ಪತ್ರೆಯಲ್ಲಿ 2021ರ ಮೇ 2-3ರ ರಾತ್ರಿ ಆಮ್ಲಜನಕದ ಕೊರತೆಯ ನಡುವೆ ಸಂಭವಿಸಿದ ಸಾವುಗಳು ದೇಶದ ಗಮನ ಸೆಳೆದವು. ಆಮ್ಲಜನಕದ ಸಿಲಿಂಡರು ಬರಬೇಕಾಗಿದ್ದುದು ಪಕ್ಕದ ಮೈಸೂರಿನಿಂದ. ಕಾಡಂಚಿನ ಜಿಲ್ಲೆಯ ಕ್ಷೇಮವೂ ಸಂಕಟವೂ ನೆರೆಯ ನಗರವನ್ನು ಹೇಗೆ ಆಶ್ರಯಿಸಿವೆ ಎಂಬ ಕಥನವನ್ನು ಅಲ್ಲಿನವರ ಬಾಯಲ್ಲಿಯೇ ಕೇಳಬೇಕು. ಜಾನಪದ ಸಂಗ್ರಹಕ್ಕಾಗಿ ಆ ಬೆಟ್ಟಗಳನ್ನು ಹತ್ತಿದ ಪರಂಪರೆ ನಮ್ಮದಲ್ಲವೇ?

ನನ್ನ ಸೂಚನೆ ದೊಡ್ಡ ಯೋಜನೆಯದಲ್ಲ, ಅನುದಾನ ಬೇಡುವಂಥದೂ ಅಲ್ಲ. ಸ್ನಾತಕೋತ್ತರ ವಿಭಾಗಗಳಿಗೆ ಬರುವ ವಿದ್ಯಾರ್ಥಿಗಳು ಹತ್ತಾರು ತಾಲ್ಲೂಕುಗಳವರು. ಕ್ಷೇತ್ರಕಾರ್ಯದ ಪತ್ರಿಕೆಗೆ ಪ್ರತಿಯೊಬ್ಬರೂ ತಮ್ಮ ಊರಿನ ಒಂದು ಕಥನವನ್ನು, ಹೇಳಿದವರ ಮಾತಿನಲ್ಲಿಯೇ, ತಿದ್ದದೆ ಬರೆದು ತರಲಿ: ಮೊದಲ ಸೋಂಕು ಯಾವ ದಾರಿಯಿಂದ ಬಂದಿತು ಎಂದು ಊರು ನಂಬಿದೆ, ಬೇಲಿ ಹಾಕಿದವರಾರು ತೆಗೆದವರಾರು, ಯಾರನ್ನು ಒಳಗೆ ಬಿಟ್ಟರು ಯಾರನ್ನು ಬಿಡಲಿಲ್ಲ, ಹೆಣ ಹೊತ್ತವರಾರು. ಹೇಳುವವರ ಹೆಸರನ್ನು ಅವರು ಬಯಸಿದರೆ ಮಾತ್ರ ಬರೆಯಬೇಕು. ಸಂಖ್ಯೆಯೇ ಹೆಸರಾಗಿ, ಕೈಗೆ ಮುದ್ರೆ ಒತ್ತಿಸಿಕೊಂಡು, ಮನೆ ಬಾಗಿಲಿಗೆ ಚೀಟಿ ಅಂಟಿಸಿಕೊಂಡು ಅವಮಾನವುಂಡವರಿಗೆ ಇನ್ನೊಂದು ಪಟ್ಟಿಯ ಭಯವಿದೆ. 'ಸೀಲ್‌ಡೌನ್' ಎಂಬ ಪದವನ್ನು ಊರಿನವರು ಹೇಗೆ ಉಚ್ಚರಿಸಿದರು, 'ಪಾಸಿಟಿವ್' ಎಂಬುದು ಬೈಗುಳವಾಗಿ ಬಳಕೆಯಾಯಿತೇ ಎಂಬುದನ್ನೂ ಗುರುತಿಸಿಕೊಳ್ಳಲಿ. ಊರ ಬಾಗಿಲಿನಲ್ಲಿ ಸುಣ್ಣದಲ್ಲಿ ಬರೆದ ಎಚ್ಚರಿಕೆಗಳು ಆಗಲೇ ಮಾಸಿವೆ. 1898ನ್ನು ಕಂಡವರನ್ನು ಕೇಳಲು ನಮಗೆ ಸಾಧ್ಯವಿಲ್ಲ. 2020ರ ಮೇ ತಿಂಗಳಲ್ಲಿ ಮಗನಿಗೆ ಬುತ್ತಿ ಕಟ್ಟಿ ಶಾಲೆಯ ಗೇಟಿನವರೆಗೆ ನಡೆದ ತಾಯಿ ಇನ್ನೂ ಆ ಊರಿನಲ್ಲಿದ್ದಾಳೆ.