ರಕ್ಷಾಪುಟದ ಮೇಲಿನ ಕಲ್ಯಾಣ

ಗ್ರಂಥದ ಹೊರಮೈಯು ಅದರ ತಿರುಳಿಗೆ ದ್ರೋಹವೆಸಗತಕ್ಕದ್ದಲ್ಲವೆಂಬುದನ್ನು ಯಾರೂ ಅಲ್ಲಗಳೆಯರು. ಆದರೂ ಐತಿಹಾಸಿಕ ಕಾದಂಬರಿಗಳ ರಕ್ಷಾಪುಟಗಳಲ್ಲಿ ಈ ದ್ರೋಹವು ಸಂಪ್ರದಾಯವೇ ಆಗಹತ್ತಿದೆ. ಶರಣರ ಕಾಲದ ಕಥೆಯಾದರಂತೂ ಚಿತ್ರವು ಮೊದಲೇ ಸಿದ್ಧ: ನಡುವೆ ಪ್ರಭಾವಲಯದ ಬಸವಣ್ಣನವರು, ಬದಿಯಲ್ಲಿ ಮೀಸೆ ತಿರುವಿ ಕಣ್ಣು ಕೆರಳಿಸಿದ ಬಿಜ್ಜಳ.

ಬಿ. ಪುಟ್ಟಸ್ವಾಮಯ್ಯನವರು ಈ ಕಥೆಯನ್ನು ಆರು ಕಾದಂಬರಿಗಳಲ್ಲಿ ಹೇಳಿದರು; ಅವುಗಳಲ್ಲೊಂದಾದ ‘ಕ್ರಾಂತಿ ಕಲ್ಯಾಣ’ಕ್ಕೆ 1964ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯು ಸಂದಿತು. ಒಬ್ಬನು ಕೇವಲ ದೇವರು, ಮತ್ತೊಬ್ಬನು ಕೇವಲ ದಾನವನೆಂದಾದರೆ ಆರು ಗ್ರಂಥಗಳ ಶ್ರಮವೇಕೆ? ಒಂದು ಹಾಳೆ ಸಾಕಾಗಿತ್ತು. ಬಿಜ್ಜಳನು ಚಾಲುಕ್ಯ ಮೂರನೆಯ ತೈಲಪನ ಮಾಂಡಲಿಕನಾಗಿದ್ದು ಒಡೆಯನ ಸಿಂಹಾಸನವನ್ನೇ ಏರಿದವನು. ಅಂಥವನ ಎದೆಯ ಅಂಜಿಕೆಯನ್ನು ಊಹಿಸುವುದು ಕಾದಂಬರಿಕಾರನ ಹಕ್ಕು. ಆ ಅರಸನ ಭಂಡಾರವನ್ನು ಕಾಯುತ್ತಲೇ ಜಾತಿಯ ತಳಹದಿಯನ್ನು ಅಲುಗಿಸಿದ ಬಸವಣ್ಣನವರ ಅಂತರಂಗದ ತುಮುಲವನ್ನು ಅರಸುವುದು ಅವನ ಕರ್ತವ್ಯ. ರಕ್ಷಾಪುಟವು ಇವೆರಡನ್ನೂ ಮೊದಲ ನೋಟದಲ್ಲಿಯೇ ಅಳಿಸಿಹಾಕುತ್ತದೆ.

ಇದಕ್ಕೂ ಹಿರಿದಾದ ಅಪರಾಧವೊಂದುಂಟು. ಹರಳಯ್ಯನವರೆಲ್ಲಿ? ಪಾದರಕ್ಷೆ ಹೊಲಿಯುವ ಅವರ ಮಗನಿಗೂ ಬ್ರಾಹ್ಮಣ ಮಧುವರಸರ ಮಗಳಿಗೂ ಆದ ಮದುವೆ, ಅದಕ್ಕಾಗಿ ಆ ತಂದೆಯರಿಗೆ ದೊರೆತ ಮರಣದಂಡನೆ, ಇವುಗಳಿಂದಲೇ ಕಲ್ಯಾಣವು ಹೊತ್ತಿಕೊಂಡಿತೆಂದು ಪರಂಪರೆಯು ಸಾರುತ್ತದೆ. ಮೇಲೆ ಹೇಳಿದ ಚಿತ್ರದಲ್ಲಿ ಅವರಿಗೆ ಒಂದು ಮೂಲೆಯೂ ಇಲ್ಲ!

ಭಕ್ತರ ಮನಸ್ಸು ನೊಂದೀತೆಂದು ಪ್ರಕಾಶಕರು ಹೇಳಬಹುದು. 1260ರ ಅರ್ಜುನವಾಡದ ಶಾಸನವು ಬಸವಣ್ಣನವರ ಹೆಸರನ್ನು ಹೇಳುತ್ತದೆ, ಮುಖವನ್ನು ತೋರಿಸುವುದಿಲ್ಲ. ನಾವು ಪೂಜಿಸುವ ಮುಖವು ಬಹುಕಾಲದ ಮೇಲೆ ಚಿತ್ರಕಾರರ ಕಲ್ಪನೆಯಲ್ಲಿ ಹುಟ್ಟಿದುದು. ಪೂಜೆಯ ಕೋಣೆಯಲ್ಲಿ ಅದಕ್ಕೆ ಸ್ಥಾನವಿದೆ. ಕಾದಂಬರಿಯ ಬಾಗಿಲಲ್ಲಿ ಅದನ್ನು ನಿಲ್ಲಿಸುವುದೆಂದರೆ ಜಂಗಮವನ್ನು ಸ್ಥಾವರ ಮಾಡಿದಂತೆ.

ಕಲ್ಯಾಣವು ನಮ್ಮ ಜಿಲ್ಲೆಯ ಊರು; ಆದುದರಿಂದ ಈ ಮಾತು ನಮಗೆ ಹೆಚ್ಚು ತಾಗತಕ್ಕದ್ದು. ಬೀದರ, ಭಾಲ್ಕಿ, ಔರಾದಗಳಲ್ಲಿ ಕನ್ನಡದೊಡನೆ ಮರಾಠಿ ಉರ್ದುಗಳೂ ಬಾಳುತ್ತವೆ. ಕನ್ನಡಾಕ್ಷರ ಬಾರದ ನೆರೆಯವನು ನಮ್ಮ ಮನೆಗೆ ಬಂದಾಗ ಓದಬಲ್ಲದ್ದು ಪುಸ್ತಕದ ಚಿತ್ರವೊಂದನ್ನೇ. ಅವನ ಕೈಗೆ ನಾವು ಅರಸನನ್ನೂ ದೇವರನ್ನೂ ಕೊಟ್ಟು ಮನುಷ್ಯರನ್ನು ಮುಚ್ಚಿಡಬಹುದೇ?

ಬಿದರಿಯ ಕುಶಲಿಗನು ಬೆಳ್ಳಿಯನ್ನು ಕೂರಿಸುವಾಗ ಎಷ್ಟು ಕಪ್ಪನ್ನು ಬರಿದಾಗಿ ಬಿಡಬೇಕೆಂಬುದನ್ನೂ ಬಲ್ಲನು. ಮುಖಪುಟದ ಚಿತ್ರಕಾರನು ಆ ಸಂಯಮವನ್ನು ಕಲಿಯಲಿ. ಭಂಡಾರಿಯ ಲೆಕ್ಕದ ಓಲೆ, ಹರಳಯ್ಯನವರು ಹೊಲಿದ ಒಂದು ಜೊತೆ ಪಾದರಕ್ಷೆ: ಇಷ್ಟು ಬರೆದರೆ ಸಾಕು. ಮುಖಗಳನ್ನು ಓದುಗನೇ ಕಂಡುಕೊಳ್ಳುವನು.