ಮಕ್ಕಳ ಕೋಣೆ: ಬಿಚ್ಚಿ ಕಟ್ಟುವ ಮರ

ಕಳೆದ ತಿಂಗಳು ನಮಗೆ ಬಂದ ಕಾಗದಗಳಲ್ಲಿ ಒಂದು ನಮ್ಮನ್ನು ಬಹಳವಾಗಿ ಯೋಚನೆಗೆ ಹಚ್ಚಿತು. ಬರೆದ ಸೋದರಿಯವರಿಗೆ ಎಂಟು ವರ್ಷದ ಮಗನೂ ಐದು ವರ್ಷದ ಮಗಳೂ ಇರುವರು. ಡೆನ್ಮಾರ್ಕಿನಲ್ಲಿ ಉದ್ಯೋಗದಲ್ಲಿರುವ ಮಕ್ಕಳ ಸೋದರಮಾವನು ಹೋದ ಕ್ರಿಸ್‌ಮಸ್ ರಜೆಯಲ್ಲಿ ಊರಿಗೆ ಬಂದಾಗ, ಲೆಗೋ ಎಂಬ ಆಟದ ಇಟ್ಟಿಗೆಗಳ ಪೆಟ್ಟಿಗೆಯೊಂದನ್ನು ತಂದುಕೊಟ್ಟನಂತೆ. ಮಾವನೂ ಅಳಿಯನೂ ಮೂರು ಸಂಜೆ ನೆಲದ ಮೇಲೆ ಕುಳಿತು, ಪೆಟ್ಟಿಗೆಯೊಡನಿದ್ದ ಚಿತ್ರಗಳನ್ನು ನೋಡಿಕೊಂಡು, ಗೇಣುದ್ದದ ಕ್ರಿಸ್‌ಮಸ್ ಮರವೊಂದನ್ನು ಕಟ್ಟಿ ನಿಲ್ಲಿಸಿದರು. ಮಾವನು ಹಿಂದಿರುಗಿದ ಮೇಲೆ ಹುಡುಗನು ಅದನ್ನು ಗಾಜಿನ ಬೀರುವಿನಲ್ಲಿಟ್ಟು, ತಂಗಿಯಾಗಲಿ ಮತ್ತಾರಾಗಲಿ ಮುಟ್ಟಕೂಡದೆಂದು ಕಟ್ಟಪ್ಪಣೆ ಮಾಡಿರುವನು. ಮನೆಯಲ್ಲಿದ್ದ ಇಟ್ಟಿಗೆಗಳೆಲ್ಲ ಆ ಮರದಲ್ಲಿಯೇ ಸೇರಿಹೋಗಿರುವುದರಿಂದ ಅವನಿಗೂ ಆಟವಿಲ್ಲ, ತಂಗಿಗೂ ಆಟವಿಲ್ಲ. ಮಗು ಬೀರುವಿನ ಮುಂದೆ ನಿಂತು ಅಳುವುದನ್ನು ನೋಡಲಾರದೆ, ‘ಅವನು ಶಾಲೆಗೆ ಹೋದ ಹೊತ್ತಿನಲ್ಲಿ ನಾನೇ ಬಿಚ್ಚಿ ಡಬ್ಬಿಗೆ ಹಾಕಿಬಿಡಲೇ?’ ಎಂದು ತಾಯಿಯವರು ಕೇಳುತ್ತಾರೆ. ಅಜ್ಜಿಯವರ ಅಭಿಪ್ರಾಯವಾದರೋ, ಕಟ್ಟಿದುದನ್ನು ಕೆಡಹುವುದು ಅಶುಭವೆಂದು.

ಮೊದಲೇ ಹೇಳಿಬಿಡುತ್ತೇವೆ: ಹುಡುಗನು ಇಲ್ಲದಾಗ ಬಿಚ್ಚಬೇಡಿರಿ. ಅವನು ಕಟ್ಟಿದುದನ್ನು ಅವನೇ ಬಿಚ್ಚಬೇಕು. ಹಾಗೆ ಬಿಚ್ಚುವ ಮನಸ್ಸು ಅವನಿಗೆ ಬರುವುದು ಹೇಗೆಂಬುದಷ್ಟೇ ಪ್ರಶ್ನೆ. ಅದಕ್ಕೆ ಈ ಇಟ್ಟಿಗೆಯ ಹುಟ್ಟನ್ನೂ ಗುಣವನ್ನೂ ಸ್ವಲ್ಪ ತಿಳಿಯುವುದು ಲೇಸು.

ಡೆನ್ಮಾರ್ಕಿನ ಬಿಲ್ಲುಂಡ್ ಎಂಬ ಊರಿನಲ್ಲಿ ಓಲೆ ಕಿರ್ಕ್ ಕ್ರಿಸ್ಟಿಯಾನ್ಸೆನ್ ಎಂಬ ಬಡಗಿಯೊಬ್ಬನಿದ್ದನು. ಕೆಲಸಕಾರ್ಯಗಳು ಕುಂದಿದ್ದ ಕಾಲದಲ್ಲಿ, 1932ರಲ್ಲಿ, ಅವನು ಮರದ ಆಟಿಕೆಗಳನ್ನು ಮಾಡಿ ಮಾರಲು ತೊಡಗಿದನು. ‘ಚೆನ್ನಾಗಿ ಆಡು’ ಎಂಬರ್ಥದ ಎರಡು ಡೇನಿಷ್ ಮಾತುಗಳನ್ನು ಕತ್ತರಿಸಿ ಕೂಡಿಸಿದುದೇ ಲೆಗೋ ಎಂಬ ಹೆಸರು. 1949ರಲ್ಲಿ ಮೊದಲ ಪ್ಲಾಸ್ಟಿಕ್ ಇಟ್ಟಿಗೆಗಳು ಹೊರಬಂದುವು; ಆದರೆ ಅವುಗಳ ಒಳಗು ಬರಿದಾಗಿದ್ದುದರಿಂದ ಹಿಡಿತ ಸಾಲದೆ, ಕಟ್ಟಿದುದು ಬೇಗ ಕಳಚಿಕೊಳ್ಳುತ್ತಿತ್ತು. ಬಡಗಿಯ ಮಗ ಗಾಟ್‌ಫ್ರೆಡ್‌ನು ಒಳಗಡೆ ಸಣ್ಣ ಕೊಳವೆಗಳನ್ನಿಟ್ಟು ಈ ಕುಂದನ್ನು ನೀಗಿ, 1958ರ ಜನವರಿ 28ರಂದು ಹಕ್ಕುಪತ್ರಕ್ಕೆ ಅರ್ಜಿ ಹಾಕಿದನು. ಕೆಳಗಿನ ಇಟ್ಟಿಗೆಯ ಗುಬುಟುಗಳು ಮೇಲಿನದರ ಕೊಳವೆಗಳಿಗೂ ಗೋಡೆಗಳಿಗೂ ನಡುವೆ ಬಿಗಿಯಾಗಿ ಸಿಕ್ಕಿಕೊಳ್ಳುವುದೇ ಇದರ ಗುಟ್ಟು. ಅಂದು ಮಾಡಿದ ಇಟ್ಟಿಗೆಯು ಇಂದು ಮಾಡಿದುದರ ಮೇಲೆಯೂ ಸರಿಯಾಗಿ ಕೂರುತ್ತದೆ. 1960ರಲ್ಲಿ ಮರದ ಆಟಿಕೆಗಳ ಉಗ್ರಾಣಕ್ಕೆ ಬೆಂಕಿ ಬಿದ್ದ ಮೇಲೆ ಆ ಮನೆಯವರು ಮರದ ಕೆಲಸವನ್ನೇ ಬಿಟ್ಟುಕೊಟ್ಟರು. ಬಡಗಿಯ ಮನೆಯಲ್ಲಿ ಮರವೇ ಇಲ್ಲವಾದುದು ನಮಗೆ ಸ್ವಲ್ಪ ಬೇಸರದ ಸಂಗತಿಯೇ ಸರಿ.

ಈಗ ಇಟ್ಟಿಗೆಯ ಗುಣ. ಎರಡು ಸಾಲಿನಲ್ಲಿ ನಾಲ್ಕು ನಾಲ್ಕರಂತೆ ಎಂಟು ಗುಬುಟುಳ್ಳ ಒಂದೇ ಬಣ್ಣದ ಆರು ಇಟ್ಟಿಗೆಗಳನ್ನು ಎಷ್ಟು ಬಗೆಯಾಗಿ ಜೋಡಿಸಬಹುದು? ಸುಮಾರು 10 ಕೋಟಿ 29 ಲಕ್ಷ ಬಗೆಯೆಂದು ಬಹುಕಾಲ ಹೇಳುತ್ತಿದ್ದರು. ಈ ಶತಮಾನದ ಮೊದಲ ದಶಕದಲ್ಲಿ ಕೋಪನ್‌ಹೇಗನ್ ವಿಶ್ವವಿದ್ಯಾನಿಲಯದ ಗಣಿತಜ್ಞ ಸೋರೆನ್ ಐಲರ್ಸ್ ಎಂಬವರು ಪರಿಶೀಲಿಸಿ, ಆ ಲೆಕ್ಕವು ಒಂದರ ಮೇಲೊಂದಾಗಿ ಆರಂತಸ್ತು ಏರಿದ ಗೋಪುರಗಳಿಗೆ ಮಾತ್ರ ಸಲ್ಲುವುದೆಂದು ಕಂಡುಕೊಂಡರು. ಅಡ್ಡಲಾಗಿ ಹರಡಿದವುಗಳನ್ನೂ ಸೇರಿಸಿದರೆ ಬಂದ ಸಂಖ್ಯೆ 91,51,03,765. ಆರೇ ಆರು ಇಟ್ಟಿಗೆ! ಇಂತಹ ವಸ್ತುವನ್ನು ಒಂದೇ ರೂಪದಲ್ಲಿ ಬೀರುವಿನೊಳಗೆ ಕೂರಿಸಿದ್ದಾನೆಂಬುದನ್ನು ಹುಡುಗನಿಗೆ ಬೈದು ಹೇಳುವ ಬದಲು, ಈ ಲೆಕ್ಕವನ್ನು ಅವನ ಮುಂದಿಟ್ಟರೆ ಸಾಕೆಂದು ನಮಗೆ ತೋರುತ್ತದೆ. ಎಂಟು ವರ್ಷದ ಹುಡುಗರಿಗೆ ಕೋಟಿಯ ಮೇಲೆ ಬಹಳ ಪ್ರೀತಿ.

ಇನ್ನು, ಬೀರುವಿನ ಮರವನ್ನು ಮುಟ್ಟದೆಯೇ ಬೇರೊಂದು ಪುಟ್ಟ ಮರವನ್ನು ಕಟ್ಟುವ ಬಗೆಯನ್ನು ಹೇಳುತ್ತೇವೆ. ಇದಕ್ಕೆ ಬೇಕಾದುದು ಹದಿಮೂರೇ ತುಂಡು. ಬಿಡಿಯಾಗಿ ಕೊಳ್ಳಬಹುದು; ಇಲ್ಲವೆ ಹುಡುಗನೇ ಮನಸೊಪ್ಪಿ ದೊಡ್ಡ ಮರದ ಬುಡದಿಂದ ಒಂದೆರಡನ್ನು ಸಾಲವಾಗಿ ಕೊಡಬಹುದು. ಮೊದಲು ಅಳತೆಯನ್ನು ತಿಳಿಯಬೇಕು. ಒಂದು ಗುಬುಟಿನ ನಡುವಿನಿಂದ ಮುಂದಿನದರ ನಡುವಿಗೆ 8 ಮಿಲಿಮೀಟರ್. ಇಟ್ಟಿಗೆಯ ಎತ್ತರ 9.6 ಮಿಲಿಮೀಟರ್, ತೆಳುವಾದ ಬಿಲ್ಲೆಯ ಎತ್ತರ 3.2 ಮಿಲಿಮೀಟರ್. ಎಂದರೆ ಮೂರು ಬಿಲ್ಲೆಗೆ ಒಂದು ಇಟ್ಟಿಗೆ ಸಮ.

ಎಂಟಕ್ಕೆಂಟು ಗುಬುಟಿನ ಬಿಳಿಯ ಬಿಲ್ಲೆಯೊಂದನ್ನು ಹಿಮದ ನೆಲವಾಗಿ ಇಡಿರಿ. ಅದರ ನಟ್ಟನಡುವೆ, ಎರಡಕ್ಕೆರಡು ಗುಬುಟಿನ ಕಂದು ಇಟ್ಟಿಗೆಗಳೆರಡನ್ನು ಒಂದರ ಮೇಲೊಂದಿಟ್ಟರೆ ಕಾಂಡವಾಯಿತು. ಅದರ ಮೇಲೆ ಆರಕ್ಕಾರರ ಹಸಿರು ಬಿಲ್ಲೆ, ನಡುವೆ ಎರಡಕ್ಕೆರಡರ ಹಸಿರು ಇಟ್ಟಿಗೆ, ನಾಲ್ಕಕ್ಕೆ ನಾಲ್ಕರ ಬಿಲ್ಲೆ, ಮತ್ತೊಂದು ಹಸಿರು ಇಟ್ಟಿಗೆ, ಕೊನೆಗೆ ಎರಡಕ್ಕೆರಡರ ಬಿಲ್ಲೆ. ಇಷ್ಟರಲ್ಲಿ ಮರದ ಆಕಾರ ಬಂದಿತಾದರೂ ಎರಡು ತೊಡಕುಗಳು ಕಾಣುತ್ತವೆ. ಮೊದಲನೆಯದು, ಚೌಕದ ಮೇಲೆ ಚೌಕವು ಮೂಲೆಗೆ ಮೂಲೆ ಸರಿಯಾಗಿ ನಿಂತು, ಮರವು ದೇವಸ್ಥಾನದ ಮೆಟ್ಟಿಲಿನಂತೆ ತೋರುತ್ತದೆ. ಎರಡನೆಯದು, ತುದಿಯಲ್ಲಿ ಒಂದೇ ಗುಬುಟಿನ ಹಳದಿ ಶಂಕುವನ್ನು ನಕ್ಷತ್ರವೆಂದು ಇಡಹೋದರೆ ಅದು ನಡುವಿಗೆ ಬರುವುದೇ ಇಲ್ಲ. ನಾಲ್ಕು ಗುಬುಟುಗಳ ನಡುವೆ ಗುಬುಟಿಲ್ಲವಷ್ಟೆ. ನಕ್ಷತ್ರವು ಒಂದು ಮೂಲೆಗೆ ವಾಲಿ ನಿಲ್ಲುತ್ತದೆ.

ಈ ಎರಡು ತೊಡಕಿಗೂ ಮದ್ದು ಒಂದೇ. ಎರಡಕ್ಕೆರಡರ ಅಗಲವಿದ್ದು, ಮೇಲೆ ನಟ್ಟನಡುವೆ ಒಂದೇ ಗುಬುಟುಳ್ಳ ಬಿಲ್ಲೆಯೊಂದು ದೊರೆಯುತ್ತದೆ. ಅಂತಹವು ನಾಲ್ಕು ಬೇಕು. ಮೂರು ಹಸಿರು ಬಿಲ್ಲೆಗಳ ಅಡಿಯಲ್ಲಿ ಒಂದೊಂದನ್ನೂ, ಶಂಕುವಿನ ಅಡಿಯಲ್ಲಿ ಒಂದನ್ನೂ ಇಡಿರಿ. ಮೇಲಿನ ಬಿಲ್ಲೆಯ ನಡುಗೊಳವೆಯು ಆ ಒಂಟಿ ಗುಬುಟಿನ ಮೇಲೆ ಕೂರುವುದರಿಂದ ಬಿಲ್ಲೆಯನ್ನು ಯಾವ ಕೋನಕ್ಕೆ ಬೇಕಾದರೂ ತಿರುಗಿಸಬಹುದು. ಕೆಳಗಿನದರ ಮೂಲೆಯು ಮೇಲಿನದರ ಅಂಚಿನ ನಡುವಿಗೆ ಬರುವಂತೆ ಅರ್ಧ ಸುತ್ತಿನ ಕಾಲುಭಾಗದಷ್ಟು ತಿರುಗಿಸಿದರೆ, ಕೊಂಬೆಗಳು ಎಂಟು ದಿಕ್ಕಿಗೂ ಚಾಚಿದಂತಾಗಿ ಮೆಟ್ಟಿಲು ಮರೆಯಾಗಿ ಮರ ಕಾಣಿಸಿಕೊಳ್ಳುತ್ತದೆ. ನೆಲದಿಂದ ನಕ್ಷತ್ರದವರೆಗೆ ಎತ್ತರ ಸುಮಾರು 74 ಮಿಲಿಮೀಟರ್. ಮೂರು ಅಂಗುಲಕ್ಕೆ ಕೊಂಚ ಕಡಮೆ. ಕೆಂಪು ಬಿಳುಪಿನ ಸಣ್ಣ ದುಂಡು ಬಿಲ್ಲೆಗಳಿದ್ದರೆ ಕೆಳಗಿನೆರಡು ಹರವಿನ ಮೂಲೆಗಳಲ್ಲಿ ಎಂಟನ್ನು ಇಡಬಹುದು. ಡೇನರು ತಮ್ಮ ಮರವನ್ನು ಕೆಂಪು ಬಿಳುಪಿನ ಕಾಗದದ ಹೃದಯಗಳಿಂದಲೂ ಪುಟ್ಟ ಬಾವುಟಗಳ ಮಾಲೆಯಿಂದಲೂ ಸಿಂಗರಿಸಿ, ಡಿಸೆಂಬರ್ 24ರ ಸಂಜೆ ಮನೆಮಂದಿಯೆಲ್ಲ ಕೈಕೈ ಹಿಡಿದು ಅದರ ಸುತ್ತ ಹಾಡುತ್ತ ಸುತ್ತುವರು. ನಮ್ಮ ಕ್ರೈಸ್ತ ಬಂಧುಗಳ ಮನೆಗಳಲ್ಲಿ ಗಾಳಿಮರದ ಕೊಂಬೆಯನ್ನು ನಿಲ್ಲಿಸುವುದುಂಟಷ್ಟೆ. ಅಂತಹ ಮನೆಗಳಲ್ಲಿ ಈ ಮೂರಂಗುಲದ ಮರವು ಗೋದಲಿಯ ಒಂದು ಮೂಲೆಯಲ್ಲಿ ಒಪ್ಪವಾಗಿ ನಿಲ್ಲುವುದು. 2011ರಲ್ಲಿ ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ರೈಲು ನಿಲ್ದಾಣದಲ್ಲಿ ಸುಮಾರು ಆರು ಲಕ್ಷ ಇಟ್ಟಿಗೆಗಳಿಂದ ಹತ್ತು ಮೀಟರಿಗೂ ಮೀರಿದ ಮರವನ್ನು ಕಟ್ಟಿದ್ದರು. ಅದು ನೋಡುವುದಕ್ಕೆ, ಇದು ಆಡುವುದಕ್ಕೆ.

ಅಜ್ಜಿಯವರ ಮಾತಿಗೆ ಬರುತ್ತೇವೆ. ಡೆನ್ಮಾರ್ಕಿನವನೇ ಆದ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ನನು 1844ರಲ್ಲಿ ಫರ್ ಮರದ ಕಥೆಯೊಂದನ್ನು ಬರೆದನು. ಕಾಡಿನಲ್ಲಿದ್ದಾಗ ಯಾವಾಗ ದೊಡ್ಡದಾದೇನೆಂದು ಹಂಬಲಿಸಿದ ಮರವನ್ನು ಕಡಿದು ತಂದು, ಒಂದು ಸಂಜೆ ದೀಪಗಳಿಂದ ಮೆರೆಯಿಸಿ, ಮರುದಿನ ಅಟ್ಟಕ್ಕೆ ಎಸೆಯುತ್ತಾರೆ. ಅಲ್ಲಿ ಇಲಿಗಳಿಗೆ ತನ್ನ ಹಳೆಯ ವೈಭವವನ್ನು ಹೇಳಿಕೊಂಡು ಕಾಲ ಕಳೆದು, ಕೊನೆಗೆ ಒಣಗಿ ಸೌದೆಯಾಗಿ ಉರಿದುಹೋಗುತ್ತದೆ. ಇದನ್ನು ಹುಡುಗನಿಗೆ ಓದಿ ಹೇಳಿರಿ. ಕಣ್ಣಲ್ಲಿ ನೀರು ಬಂದರೆ ಬರಲಿ. ಕಡಿದ ಮರವು ಮರಳಿ ಚಿಗುರಲಾರದು. ಇಟ್ಟಿಗೆಯ ಮರಕ್ಕೆ ಆ ಗತಿಯಿಲ್ಲ. ಬಿಚ್ಚಿದರೆ ನಾಳೆ ರೈಲಾಗುವುದು, ಮುಂದಿನ ಡಿಸೆಂಬರಿನಲ್ಲಿ ಮತ್ತೆ ಮರವೇ ಆಗುವುದು. ಅಜ್ಜಿಯವರಂತೂ ವಿಜಯದಶಮಿಯ ರಾತ್ರಿ ಬೊಂಬೆಯನ್ನು ಮಲಗಿಸಿ ಪೆಟ್ಟಿಗೆಗೆ ಸೇರಿಸಿದವರೇ ಇರಬೇಕು. ಅದನ್ನು ಅವರು ಅಶುಭವೆಂದು ಎಣಿಸಿರಲಾರರು.

ಆದರೂ ಒಂದು ಮಾತನ್ನು ಮರೆಮಾಚಲಾರೆವು. ಈ ಇಟ್ಟಿಗೆ ನಶಿಸದು ಎಂಬುದೇ ಅದರ ದೋಷವೂ ಹೌದು. ಕಲ್ಲೆಣ್ಣೆಯಿಂದಾದ ಗಟ್ಟಿ ಪ್ಲಾಸ್ಟಿಕ್ಕಿನ ತುಂಡು ಕಸದಲ್ಲಿ ಸೇರಿದರೆ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಹಾಗೆಯೇ ಉಳಿಯುವುದು. ಮಾಡುವವರೂ ಇದನ್ನು ಅರಿಯದವರಲ್ಲ. 2018ರಿಂದ ಎಲೆ, ಗಿಡ, ಮರ ಮುಂತಾದ ಮೆತುವಾದ ತುಂಡುಗಳನ್ನು ಬ್ರೆಜಿಲ್ಲಿನ ಕಬ್ಬಿನಿಂದ ತೆಗೆದ ಮದ್ಯಸಾರದ ಪ್ಲಾಸ್ಟಿಕ್ಕಿನಿಂದ ಮಾಡುತ್ತಿದ್ದಾರೆ. ಕಬ್ಬು ಗಾಣಕ್ಕೆ ಹೋಗಿ ಬೆಲ್ಲವಾಗುವುದನ್ನು ಬಲ್ಲ ನಮ್ಮ ಮಂಡ್ಯದ ವಾಚಕರಿಗೆ, ಅದು ಆಟದ ಗಿಡವೂ ಆಗುವುದೆಂಬುದು ಸೋಜಿಗವಾದೀತು. ಆದರೆ ಬಿಗಿಯಾಗಿ ಕಚ್ಚುವ ಇಟ್ಟಿಗೆಗೆ ಆ ಮೆತು ಪದಾರ್ಥ ಸಾಲದು. ಬಳಸಿ ಬಿಟ್ಟ ಬಾಟಲಿಗಳಿಂದ ಇಟ್ಟಿಗೆ ಮಾಡುವ ಯತ್ನವನ್ನು 2023ರಲ್ಲಿ ಕೈಬಿಟ್ಟರು. ಅದಕ್ಕೆ ಬೇಕಾಗುವ ಹೊಸ ಯಂತ್ರಗಳೇ ಮೊದಲಾದವುಗಳಿಂದ ಗಾಳಿಗೆ ಸೇರುವ ಇಂಗಾಲವು ಹೆಚ್ಚಾಗುವುದೇ ಹೊರತು ತಗ್ಗದೆಂದು ಲೆಕ್ಕದಿಂದ ಕಂಡುಬಂದಿತಂತೆ. ಆದುದರಿಂದ ಮನೆಗೆ ಬಂದ ಪೆಟ್ಟಿಗೆಯೊಂದನ್ನು ಅಣ್ಣನೂ ತಂಗಿಯೂ, ಅವರ ಬಳಿಕ ನೆರೆಮನೆಯ ಮಕ್ಕಳೂ ಸವೆಯುವವರೆಗೆ ಆಡುವುದೇ ನಮಗೆ ಸರಿಯಾಗಿ ಕಾಣುತ್ತದೆ. ಪ್ರತಿ ಹುಟ್ಟುಹಬ್ಬಕ್ಕೂ ಹೊಸ ಪೆಟ್ಟಿಗೆ ತರುವ ಸೋದರಮಾವಂದಿರು ಈ ಮಾತನ್ನು ಮನ್ನಿಸಬೇಕು.

ಮೂರು ವರ್ಷ ತುಂಬದ ಕೂಸು ಮನೆಯಲ್ಲಿದ್ದರೆ ಈ ಚಿಕ್ಕ ತುಂಡುಗಳು ಅದರ ಕೈಗೆ ಎಟುಕಲೇಕೂಡದು. ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವುಂಟು. ನೆಲದ ಮೇಲೆ ಹಳೆಯ ದುಪ್ಪಟಿಯೊಂದನ್ನು ಹಾಸಿ ಅದರ ಮೇಲೆ ಆಡಿಸುವುದು ಒಳ್ಳೆಯದು. ಆಟ ಮುಗಿದ ಮೇಲೆ ನಾಲ್ಕು ಮೂಲೆ ಹಿಡಿದೆತ್ತಿದರೆ ಎಲ್ಲವೂ ಒಟ್ಟಾಗುತ್ತವೆ, ಪೊರಕೆಗೆ ಸಿಕ್ಕಿ ಕಳೆಯುವುದಿಲ್ಲ.

ಸೋದರಿಯವರಿಗೆ ನಮ್ಮ ಸಲಹೆಯಿಷ್ಟು. ದೊಡ್ಡ ಮರದ ಭಾವಚಿತ್ರವೊಂದನ್ನು ತೆಗೆದು ಮಾವನಿಗೆ ಕಳುಹಿಸಿರಿ. ಹುಡುಗನು ಕಾಪಾಡಬೇಕೆಂದಿರುವುದು ಇಟ್ಟಿಗೆಯನ್ನಲ್ಲ, ಮಾವನೊಡನೆ ಕುಳಿತ ಆ ಮೂರು ಸಂಜೆಗಳನ್ನು ಎಂದು ನಮ್ಮ ಊಹೆ. ಪುಟ್ಟ ಮರವನ್ನು ಕಟ್ಟುವಾಗ ಕಾಂಡವನ್ನು ಅಣ್ಣನು ಇಡಲಿ, ನಕ್ಷತ್ರವನ್ನು ತಂಗಿಯು ಇಡಲಿ. ಆಮೇಲೆ ಬೀರುವಿನ ಬೀಗದ ಕೈಯನ್ನು ಹುಡುಗನ ಬಳಿಯೇ ಬಿಟ್ಟು ಒಂದು ತಿಂಗಳು ಸುಮ್ಮನಿದ್ದು ನೋಡಿ, ಏನಾಯಿತೆಂಬುದನ್ನು ನಮಗೆ ಬರೆದು ತಿಳಿಸಬೇಕು.